ಒತ್ತಕ್ಷರಕ್ಕೆ ಹೆದರಿದ ಬೆಕ್ಕು

ಮಾನ್ಯರೇ,

ಎರಡನೇ ತರಗತಿಯ ನಿಮ್ಮ ಮಗಳು ಬಾಯಿ ತೆರೆದರೆ ಕತೆಯ ಮೇಲೆ ಕತೆ ಹೇಳುತ್ತಾಳೆ, ಪೆನ್ಸಿಲ್ ಹಿಡಿದರೆ ಮೂರು ಸಾಲಿಗೆ ಎದ್ದುಬಿಡುತ್ತಾಳೆ ಎಂದು ಬರೆದಿದ್ದೀರಿ. ತಪ್ಪಾದ ಪ್ರತಿ ಪದವನ್ನೂ ಹತ್ತು ಸಲ ಬರೆಸುತ್ತಿದ್ದೀರಿ. ಬಿಗಿ ಸಾಲದೋ, ಹೆಚ್ಚಾಯಿತೋ ಎಂಬುದು ನಿಮ್ಮ ಪ್ರಶ್ನೆ. ಹೆಚ್ಚಾಯಿತು. ಬೇಸರ ಬೇಡ, ನೀವು ಲಗತ್ತಿಸಿದ ಹಾಳೆಯೇ ನನ್ನಿಂದ ಇದನ್ನು ಹೇಳಿಸುತ್ತಿದೆ.

ಅದರಲ್ಲಿ ‘ಇದು ಬೆಕು. ಬೆಕು ಬಿಳಿ ಇದೆ. ಬೆಕು ಓಡಿತು’ ಎಂದಿದೆ. ಅದೇ ಬೆಕ್ಕಿನ ಬಗ್ಗೆ ಅವಳು ಬಾಯಲ್ಲಿ ಹೇಳಿದ್ದನ್ನೂ ಕಳಿಸಿದ್ದೀರಿ: ಗುಡುಗಿಗೆ ಬೆಚ್ಚಿ ಮಂಚದಡಿ ಅವಿತುಕೊಂಡ ಬೆಕ್ಕು, ಮಳೆ ನಿಂತ ಮೇಲೆ ಏನೂ ಆಗಿಲ್ಲವೆಂಬಂತೆ ಮೈ ನೆಕ್ಕಿಕೊಳ್ಳುತ್ತಾ ಹೊರಬಂತು. ಎಂಥ ಕಣ್ಣು ಆ ಹುಡುಗಿಯದು! ಈ ಬೆಕ್ಕು ಹಾಳೆಗೆ ಏಕೆ ಬರಲಿಲ್ಲ? ‘ನೆಕ್ಕಿಕೊಳ್ಳುತ್ತಾ’ ಎಂಬ ಒಂದೇ ಪದದಲ್ಲಿ ಒತ್ತಕ್ಷರಗಳು ಮೂರು. ತಪ್ಪಿದರೆ ಹತ್ತು ಸಲ ಬರೆಯಬೇಕು. ‘ಬೆಕ್ಕು’ ಎಂಬುದರಿಂದ ಅವಳು ತಪ್ಪಿಸಿಕೊಳ್ಳಲಾಗಲಿಲ್ಲ, ಉಳಿದ ಅಪಾಯಗಳಿಂದೆಲ್ಲ ತಪ್ಪಿಸಿಕೊಂಡಳು. ಲೆಕ್ಕದಲ್ಲಿ ಜಾಣೆಯೇ ಇರಬೇಕು.

ಏಳೆಂಟು ವರ್ಷಕ್ಕೆ ಅಕ್ಷರಗಳು ಇನ್ನೂ ಕೈಗೆ ಕೂತಿರುವುದಿಲ್ಲ. ಒಂದೊಂದನ್ನೂ ನೆನೆದು ಬರೆಯುವಷ್ಟರಲ್ಲಿ ವಾಕ್ಯದ ಬಾಲ ಮರೆತಿರುತ್ತದೆ. ಆದ್ದರಿಂದ ಅಕ್ಷರ ತಿದ್ದಿಸುವ ಹೊತ್ತು ಬೇರೆ, ಕತೆ ಬರೆಯುವ ಹೊತ್ತು ಬೇರೆ ಇರಲಿ. ಮೊದಲನೆಯದಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಕೈ ಸೋತ ದಿನ ಅವಳು ಹೇಳಲಿ, ನೀವು ಬರೆದುಕೊಳ್ಳಿ. ಅವಳ ಮಾತನ್ನು ಚಂದಗಾಣಿಸಲು ಹೋಗಬೇಡಿ. ಬರೆದದ್ದನ್ನು ಓದಿ ಹೇಳಿದರೆ ‘ಹಾಗಲ್ಲ, ಹೀಗೆ’ ಎಂದು ಅವಳೇ ಬದಲಿಸುತ್ತಾಳೆ. ಬರವಣಿಗೆಯ ಮೊದಲ ಪಾಠ ಅದೇ.

ಇನ್ನು ತಪ್ಪುಗಳ ಮಾತು. ಶಾಲೆಗೆ ಹೋಗುವ ಮುನ್ನವೇ ಬರೆಯತೊಡಗಿದ ಮಕ್ಕಳ ಕಾಗುಣಿತವನ್ನು ಕುರಿತು ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ರೀಡ್ 1971ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ‘ಟ್ರಕ್’ ಎಂಬ ಇಂಗ್ಲಿಷ್ ಪದವನ್ನು ಮಕ್ಕಳು ‘ಚ್ರಕ್’ ಎಂಬಂತೆ ಬರೆಯುತ್ತಿದ್ದರು. ಇಂಗ್ಲಿಷ್ ಮನೆಮಾತಿನವರ ಬಾಯಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ಕೇಳಿಸುತ್ತದೆ! ಎಂದರೆ ತಪ್ಪಿನ ಹಿಂದೆ ಕಿವಿ ಕೆಲಸ ಮಾಡಿರುತ್ತದೆ. ‘ಬೆಕು’ ಎಂದು ಬರೆದವಳಿಗೆ ‘ಬೆಕ್-ಕು’ ಎಂದು ಬಿಡಿಸಿ ಹೇಳಲು ಕಲಿಸಿ; ಎರಡು ‘ಕ’ಕಾರಗಳು ಅವಳ ಕಿವಿಗೇ ಬೀಳುತ್ತವೆ. ಆಮೇಲೆ ಪದವನ್ನು ನೋಡಿ, ಮುಚ್ಚಿ, ಒಮ್ಮೆ ಬರೆದು, ತೆರೆದು ಹೋಲಿಸಲಿ. ಹತ್ತು ಸಲ ಬರೆಸಿದರೆ ಆರನೆಯದಕ್ಕೆ ಕಣ್ಣು ನಿದ್ದೆಹೋಗಿರುತ್ತದೆ, ಕೈ ಮಾತ್ರ ಓಡುತ್ತಿರುತ್ತದೆ. ಒಂದು ಬರಹದಲ್ಲಿ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಈ ವಾರ ಒತ್ತಕ್ಷರವಾದರೆ ದೀರ್ಘ ಮುಂದಿನ ವಾರಕ್ಕಿರಲಿ.

ನಮ್ಮ ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುವುದು ಕೊನೆಯ ಕೆಲಸ. ಮೊದಲು ಲೇಖನ ಓದುತ್ತೇವೆ, ಲೇಖಕರಿಗೆ ಪ್ರಶ್ನೆ ಕೇಳುತ್ತೇವೆ. ಕಾಗುಣಿತ ನೋಡಿ ಲೇಖಕರನ್ನು ಆರಿಸಿದ್ದರೆ ಈ ಪತ್ರಿಕೆ ಎಂದೋ ನಿಂತುಹೋಗುತ್ತಿತ್ತು (ಹೆಸರು ಹೇಳಲಾರೆ). ಮಕ್ಕಳ ವಿಷಯದಲ್ಲಿ ಮಾತ್ರ ಕೆಂಪು ಶಾಯಿಗೇ ಮೊದಲ ಮಣೆ! ಫ್ರಾನ್ಸಿನ ಹಳ್ಳಿಶಾಲೆಯ ಮೇಷ್ಟ್ರು ಸೆಲೆಸ್ತ್ಯಾಂ ಫ್ರೆನೆ 1924ರ ಸುಮಾರಿಗೆ ತರಗತಿಗೆ ಪುಟ್ಟ ಅಚ್ಚಿನ ಯಂತ್ರ ತಂದರು. ಮಕ್ಕಳು ತಮಗೆ ತೋಚಿದ್ದನ್ನು ಬರೆದರು, ಅಚ್ಚಿಗೆ ಒಂದನ್ನು ತಾವೇ ಆರಿಸಿದರು, ಎಲ್ಲರೂ ಸೇರಿ ತಿದ್ದಿದರು. ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ ಹಾಳೆ ದೂರದ ಇನ್ನೊಂದು ಶಾಲೆಯ ಮಕ್ಕಳಿಗೆ ಹೋಗುತ್ತಿತ್ತು. ಓದುವವರಿದ್ದಾರೆ ಎಂದಮೇಲೆ ತಿದ್ದುವುದು ಶಿಕ್ಷೆ ಎನಿಸುವುದಿಲ್ಲ. ನಿಮ್ಮ ಮಗಳಿಗೆ ಸದ್ಯ ಓದುಗರು ನೀವೊಬ್ಬರೇ. ‘ಬೆಕ್ಕು ಏಕೆ ಓಡಿತು?’ ಎಂದು ಕೇಳಿ ನೋಡಿ. ‘ತುಂಬಾ ಚೆನ್ನಾಗಿದೆ’ ಎಂದು ಮುಗಿಸಿಬಿಡುವುದಕ್ಕಿಂತ ಅದು ಮೇಲು.

ಅವಳ ಕತೆಯನ್ನು ತಿದ್ದಿ ಮಕ್ಕಳ ಪುಟಕ್ಕೆ ಕಳಿಸಲೇ ಎಂದು ಕೇಳಿದ್ದೀರಿ. ತಿದ್ದದೆ ಕಳಿಸಿ, ಗುಡುಗು ಮಂಚ ಎರಡೂ ಇರಲಿ. ಅಚ್ಚಿಗೆ ಮುನ್ನ ನಾವು ತಿದ್ದಿದ ಕರಡು ಅವಳ ಹೆಸರಿಗೇ ಬರುತ್ತದೆ. ಒಪ್ಪದ ಕಡೆ ಅವಳು ಗುರುತು ಹಾಕಲಿ, ಕೆಂಪು ಶಾಯಿಯಲ್ಲೇ.

ಸಂಪಾದಕ