ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ ನೇಮಕಕ್ಕೆ ಅಡ್ಡಗಾಲು ಹಾಕುವ ಚಾಳಿ ಶುರು ಮಾಡಿದ್ದು ಯಾರು? ತಪ್ಪು ಯಾವ ಪಕ್ಷದ್ದು?

ನಾನು ಶಿವಮೊಗ್ಗದಲ್ಲಿ ವಕೀಲಿ ಮಾಡುವವನು. ಸಿವಿಲ್ ಕೇಸುಗಳೇ ಜಾಸ್ತಿ, ಅದರಲ್ಲೂ ಅಡಿಕೆ ತೋಟದ ಬೇಲಿ ಜಗಳ. ಹಾಗಾಗಿ "ಶುರು ಮಾಡಿದ್ದು ಯಾರು" ಅಂತ ನೀವು ಕೇಳಿದಾಗ ಸ್ವಲ್ಪ ನಗು ಬಂತು. ಬೇಲಿ ಸರಿಸಿದವನನ್ನು ಕೇಳಿದರೆ ಪಕ್ಕದವನ ಅಜ್ಜನ ಕಾಲಕ್ಕೆ ಹೋಗುತ್ತಾನೆ. ಪಕ್ಕದವನು ಇವನ ಮುತ್ತಜ್ಜನ ಕಾಲಕ್ಕೆ ಹೋಗುತ್ತಾನೆ.

ಅಮೆರಿಕದಲ್ಲೂ ಅಷ್ಟೇ. ಅಲ್ಲಿ ಜಡ್ಜ್ ಹೆಸರು ಸೂಚಿಸುವುದು ಅಧ್ಯಕ್ಷರು, ಒಪ್ಪಬೇಕಾದದ್ದು ಸಂಸತ್ತಿನ ಮೇಲ್ಮನೆ ಸೆನೆಟ್. ರಿಪಬ್ಲಿಕನ್ನರು 1987ಕ್ಕೆ ಕೈ ತೋರಿಸುತ್ತಾರೆ. ಅಧ್ಯಕ್ಷ ರೇಗನ್ ಸೂಚಿಸಿದ ರಾಬರ್ಟ್ ಬೋರ್ಕ್ ಅವರನ್ನು ಸೆನೆಟ್ 58-42 ಮತಗಳಿಂದ ತಿರಸ್ಕರಿಸಿದ ವರ್ಷ ಅದು. ಡೆಮಾಕ್ರಟರು 1968ಕ್ಕೆ ಹೋಗುತ್ತಾರೆ. ಅಧ್ಯಕ್ಷ ಜಾನ್ಸನ್, ಏಬ್ ಫೋರ್ಟಾಸ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲು ಹೊರಟಾಗ ಸೆನೆಟರುಗಳು ಮಾತಾಡಿ ಮಾತಾಡಿಯೇ ಅದನ್ನು ನಿಲ್ಲಿಸಿದರು. ಹಾಗೆ ನಿಲ್ಲಿಸಿದವರಲ್ಲಿ ದಕ್ಷಿಣದ ಡೆಮಾಕ್ರಟರೂ ಇದ್ದರು ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಮೊದಲ ಅಧ್ಯಕ್ಷ ವಾಷಿಂಗ್ಟನ್ ಸೂಚಿಸಿದ್ದ ಜಾನ್ ರಟ್ಲೆಜ್ ಅವರನ್ನೇ 1795ರಲ್ಲಿ ಸೆನೆಟ್ ಬೇಡ ಅಂದಿತ್ತು. ಈ ದಾರಿಗೆ ಕೊನೆಯಿಲ್ಲ.

ನಾನು ನೋಡುವುದು ಬೇರೆ. ಫೈಲು ಮೇಜಿನ ಮೇಲೆ ಬಂತಾ ಇಲ್ವಾ?

ಯಾಕೆ ಅಂತ ಹೇಳುತ್ತೇನೆ. ನಮ್ಮಪ್ಪ ಬಗರ್‌ಹುಕುಂ ಜಮೀನಿಗೆ ನಮೂನೆ 53ರಲ್ಲಿ ಅರ್ಜಿ ಹಾಕಿದ್ದರು. ಆ ಅರ್ಜಿ ನೋಡುವ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಚುನಾವಣೆ ಬಂದರೆ ಸಮಿತಿ ಹೋಯಿತು. ಹೊಸ ಸಮಿತಿ ಆಗಿ ನಾಲ್ಕು ಸಭೆ ನಡೆಯುವಷ್ಟರಲ್ಲಿ ಮತ್ತೆ ಚುನಾವಣೆ. ಅಪ್ಪ ಹೋಗಿ ಕೇಳಿದಾಗಲೆಲ್ಲ ಒಂದೇ ಉತ್ತರ: "ಸಮಿತಿ ಕೂತಿಲ್ಲ, ಭಟ್ರೇ." ವಜಾ ಮಾಡಿದ್ದರೆ ಅಪೀಲಾದರೂ ಹಾಕಬಹುದಿತ್ತು. ವಜಾನೂ ಇಲ್ಲ, ಮಂಜೂರೂ ಇಲ್ಲ. ಅರ್ಜಿಯ ಸ್ವೀಕೃತಿ ಚೀಟಿ ಈಗಲೂ ಮನೆಯ ಟ್ರಂಕಿನಲ್ಲಿದೆ. ಮಳೆಗಾಲದ ಥಂಡಿಗೆ ಶಾಯಿ ಹರಡಿ ಹೆಸರು ಓದಲಿಕ್ಕಾಗುವುದಿಲ್ಲ, ಸೀಲು ಮಾತ್ರ ಕಾಣುತ್ತದೆ.

ಈ ಲೆಕ್ಕದಲ್ಲಿ ಬೋರ್ಕ್ ಪ್ರಕರಣವನ್ನು ನಾನು ಅಡ್ಡಗಾಲು ಅನ್ನುವುದಿಲ್ಲ. ಅವರ ವಿಚಾರಣೆ ನಡೆಯಿತು, ಟಿ.ವಿ.ಯಲ್ಲಿ ದೇಶವೆಲ್ಲ ನೋಡಿತು, ಮತ ಬಿತ್ತು, ಸೋತರು. ವಿರುದ್ಧ ಮತ ಹಾಕಿದವರಲ್ಲಿ ಆರು ಜನ ರಿಪಬ್ಲಿಕನ್ನರೂ ಇದ್ದರು. ಆಮೇಲೆ ಬಂದ ಆಂಥನಿ ಕೆನಡಿ 97-0ರಲ್ಲಿ ಪಾಸಾದರು. ಬೋರ್ಕ್ ಅವರನ್ನು ಬೈದ ರೀತಿ ಸರಿ ಇರಲಿಲ್ಲ, ಅದು ಬೇರೆ ಮಾತು.

ನಿಜವಾದ ರೋಗ ಸುಪ್ರೀಂ ಕೋರ್ಟಿನ ಕೆಳಗಿನ ಹಂತದಲ್ಲಿ, ಜನರ ಕಣ್ಣಿಗೆ ಬೀಳದಂತೆ ಶುರುವಾಯಿತು. 1992ರಲ್ಲಿ ಹಿರಿಯ ಬುಷ್ ಅವರು ಜಾನ್ ರಾಬರ್ಟ್ಸ್ ಹೆಸರನ್ನು ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟಿಗೆ ಕಳಿಸಿದರು. ಡೆಮಾಕ್ರಟರ ಕೈಯಲ್ಲಿದ್ದ ಸೆನೆಟ್ ಅದನ್ನು ಕರೆಯಲೇ ಇಲ್ಲ. 1999ರಲ್ಲಿ ಕ್ಲಿಂಟನ್ ಅದೇ ಕೋರ್ಟಿಗೆ ಎಲೆನಾ ಕೇಗನ್ ಹೆಸರು ಕಳಿಸಿದರು. ಈ ಸಲ ಸೆನೆಟ್ ರಿಪಬ್ಲಿಕನ್ನರದ್ದು, ಅವರೂ ಕರೆಯಲಿಲ್ಲ. ತಮಾಷೆ ನೋಡಿ, ಆಮೇಲೆ ಇಬ್ಬರೂ ಸುಪ್ರೀಂ ಕೋರ್ಟಿಗೇ ಬಂದು ಒಂದೇ ಪೀಠದಲ್ಲಿ ಕೂತರು. ಕಿರಿಯ ಬುಷ್ ಅದೇ ಕೋರ್ಟಿಗೆ ಸೂಚಿಸಿದ ಮಿಗೆಲ್ ಎಸ್ಟ್ರಾಡಾ ಎರಡು ವರ್ಷಕ್ಕೂ ಜಾಸ್ತಿ ಕಾದು, 2003ರಲ್ಲಿ ತಾವೇ ಹೆಸರು ವಾಪಸ್ ತೆಗೆದುಕೊಂಡರು. ಅದು ಡೆಮಾಕ್ರಟರ ಖಾತೆಗೆ.

ಆದರೆ "ಇಬ್ಬರೂ ಅಷ್ಟೇ" ಅಂತ ಸುಮ್ನೆ ಕೈ ತೊಳೆದುಕೊಳ್ಳುವುದಕ್ಕೆ ನಾನು ತಯಾರಿಲ್ಲ. 2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಒಬಾಮಾ ಯಾರ ಹೆಸರನ್ನೂ ಹೇಳಿರಲಿಲ್ಲ. ಅಷ್ಟರಲ್ಲೇ, ಅದೇ ದಿನ, ಸೆನೆಟ್ಟಿನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಈ ಜಾಗ ಮುಂದಿನ ಅಧ್ಯಕ್ಷರು ತುಂಬಲಿ ಅಂದುಬಿಟ್ಟರು. ಚುನಾವಣೆಗೆ ಇನ್ನೂ ಸುಮಾರು ಒಂಬತ್ತು ತಿಂಗಳಿತ್ತು. ಮಾರ್ಚ್ 16ಕ್ಕೆ ಮೆರಿಕ್ ಗಾರ್ಲೆಂಡ್ ಹೆಸರು ಬಂತು. 293 ದಿನ ಅದು ಹಾಗೇ ಬಿದ್ದಿತ್ತು. ವಿಚಾರಣೆ ಇಲ್ಲ, ಮತ ಇಲ್ಲ. ರಿಪಬ್ಲಿಕನ್ನರ ಹತ್ತಿರ ನೂರರಲ್ಲಿ 54 ಸ್ಥಾನ ಇತ್ತು, ಬೇಡ ಅಂತ ಮತ ಹಾಕಿ ಸೋಲಿಸಬಹುದಿತ್ತು. ಹಾಗೆ ಮಾಡಿದರೆ ಯಾಕೆ ಬೇಡ ಅಂತ ಹೇಳಬೇಕಾಗುತ್ತಿತ್ತು. ಕಚೇರಿಯಲ್ಲಿ ಫೈಲು ಮುಟ್ಟದೆ ಇರುವವರ ಗುಟ್ಟೂ ಇದೇ ಅಲ್ವಾ? ಕಾರಣ ಬರೆಯಬೇಕಾಗಿಲ್ಲ, ಸಹಿ ಹಾಕಬೇಕಾಗಿಲ್ಲ.

1992ರಲ್ಲಿ, ಡೆಮಾಕ್ರಟ್ ಸೆನೆಟರ್ ಆಗಿದ್ದ ಬೈಡನ್ ಕೂಡ ಚುನಾವಣೆ ವರ್ಷದಲ್ಲಿ, ಚುನಾವಣೆ ಮುಗಿಯುವವರೆಗೆ ಹೆಸರು ತೆಗೆದುಕೊಳ್ಳಬಾರದು ಅಂತ ಭಾಷಣ ಮಾಡಿದ್ದರು ಅಂತ ಕೆಲವರು ಹೇಳುತ್ತಾರೆ. ಮಾಡಿದ್ದು ಹೌದು. ಆದರೆ ಆಗ ಜಾಗವೇ ಖಾಲಿ ಆಗಿರಲಿಲ್ಲ. ಬೇಲಿ ಸರಿಸುತ್ತೇನೆ ಅಂತ ಕೂಗಾಡಿದವನ ಮೇಲೆ ನಾನು ದಾವಾ ಹಾಕಿಸುವುದಿಲ್ಲ, ಸರಿಸಿದವನ ಮೇಲೆ ಹಾಕಿಸುತ್ತೇನೆ. ಇನ್ನು ಆ "ಚುನಾವಣೆ ವರ್ಷ" ಅನ್ನುವ ನೆಪದ ಬಣ್ಣ 2020ರಲ್ಲಿ ಬಯಲಾಯಿತು. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಸೆಪ್ಟೆಂಬರ್ 18ಕ್ಕೆ ತೀರಿಕೊಂಡರು. ಅಕ್ಟೋಬರ್ 26ಕ್ಕೆ, ಚುನಾವಣೆಗೆ ಎಂಟು ದಿನ ಇದ್ದಾಗ, ಅದೇ ಮೆಕಾನೆಲ್, ಟ್ರಂಪ್ ಸೂಚಿಸಿದ ಏಮಿ ಬ್ಯಾರೆಟ್ ಅವರನ್ನು 52-48ರಲ್ಲಿ ಪಾಸು ಮಾಡಿಸಿದರು.

ಹಾಗಂತ ಡೆಮಾಕ್ರಟರನ್ನು ಪೂರ್ತಿ ಬಿಡುವ ಹಾಗಿಲ್ಲ. ಚರ್ಚೆ ಮುಗಿಸಲು 60 ಮತ ಬೇಕು ಅನ್ನುವ ಕಟ್ಟನ್ನು ಕೆಳಹಂತದ ಕೋರ್ಟುಗಳಿಗೆ ಮೊದಲು ಬಿಚ್ಚಿದ್ದು ಅವರ ನಾಯಕ ಹ್ಯಾರಿ ರೀಡ್, 2013ರಲ್ಲಿ. ಉಣಗೋಲು ತೆಗೆದಿಟ್ಟ ಮೇಲೆ ಪಕ್ಕದ ಮನೆ ದನ ಒಳಗೆ ಬರದೆ ಇರುತ್ತದಾ? 2017ರಲ್ಲಿ ಮೆಕಾನೆಲ್ ಸುಪ್ರೀಂ ಕೋರ್ಟಿಗೂ ಅದನ್ನೇ ಮಾಡಿ ಗೋರ್ಸಚ್ ಅವರನ್ನು ಒಳಗೆ ತಂದರು.

ತೀರ್ಪು ಕೊಡಲೇಬೇಕು ಅಂದರೆ, ಚಾಳಿ ಇಬ್ಬರದ್ದೂ. ಅತಿ ದೊಡ್ಡ ತಪ್ಪು 2016ರದ್ದು, ಅದು ರಿಪಬ್ಲಿಕನ್ನರದ್ದು.

ನಮ್ಮಲ್ಲಿ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಒಂದು ಮಾತು. ಇಲ್ಲಿ ಹೆಸರು ಕಳಿಸುವುದು ಸುಪ್ರೀಂ ಕೋರ್ಟಿನ ಹಿರಿಯ ಜಡ್ಜ್‌ಗಳ ಗುಂಪು, ಅಂದರೆ ಕೊಲಿಜಿಯಂ; ಆದೇಶ ಹೊರಡಿಸಬೇಕಾದದ್ದು ಸರ್ಕಾರ. 2018ರಲ್ಲಿ ಕೆ.ಎಂ. ಜೋಸೆಫ್ ಹೆಸರನ್ನು ಕೇಂದ್ರ ವಾಪಸ್ ಕಳಿಸಿದಾಗ ನಮ್ಮ ಬಾರ್ ರೂಮಿನಲ್ಲಿ ಎಲ್ಲರೂ ಬೈದರು. ನಾನು ಅಷ್ಟು ಬೈಯಲಿಲ್ಲ. ಕಾರಣ ಬರೆದು ಕಳಿಸಿತ್ತು, ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಕಳಿಸಿತು, ಆಗಸ್ಟಿನಲ್ಲಿ ಅವರು ಸುಪ್ರೀಂ ಕೋರ್ಟಿನ ಜಡ್ಜ್ ಆದರು. ಹೌದು ಅಂತಲೂ ಇಲ್ಲ ಅಂತಲೂ ಹೇಳದೆ ಇಟ್ಟುಕೊಂಡ ಹೆಸರುಗಳಿಗೆ ಆ ದಾರಿಯೂ ಇಲ್ಲ. ಅಂಥ ಸುದ್ದಿ ಓದಿದಾಗೆಲ್ಲ ನನಗೆ ಅಪ್ಪನ ಟ್ರಂಕು ನೆನಪಾಗುತ್ತದೆ.