ಹಳೇ ಎಂಜಿ ಕಾರಿನ ಹುಟ್ಟಿದ ತಾರೀಖು

ಪ್ರಶ್ನೆ: ತಾತ ಕೊಂಡಿದ್ದ, ಎಂಜಿ ಕಂಪನಿಯ ಟಿಡಿ ಮಾದರಿಯ ಕಾರು ಮನೆಯಲ್ಲಿದೆ. ಆರ್‌ಸಿಯಲ್ಲಿ 1953 ಎಂದಿದೆ; ಮೆಕ್ಯಾನಿಕ್ 1951ರದು ಎನ್ನುತ್ತಾರೆ. ಯಾವುದು ಸರಿ? ಕಾರ್ಖಾನೆಯಿಂದ ಎಲ್ಲಿಗೆಂದು ಕಳಿಸಿದ್ದರು ಎಂಬುದೂ ತಿಳಿಯುತ್ತದೆಯೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಎರಡೂ ಸರಿಯಿರಬಹುದು. ಹಳೇ ಆರ್‌ಸಿಗಳಲ್ಲಿ ಎಷ್ಟೋ ಸಲ ಇಲ್ಲಿ ನೋಂದಣಿಯಾದ ವರ್ಷವನ್ನೇ ಬರೆದಿರುತ್ತಾರೆ. ಟಿಡಿ ತಯಾರಾದ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯ ದಾಖಲೆ ಹುಡುಕಲು ಚಾಸಿ (ಕಾರಿನ ಅಡಿಯ ಉಕ್ಕಿನ ಚೌಕಟ್ಟು) ನಂಬರ್ ಬೇಕು, ಮೈಸೂರಿನ ನಂಬರ್ ಪ್ಲೇಟಿನಿಂದ ಆಗುವುದಿಲ್ಲ.

ಬಾನೆಟ್ಟಿನೊಳಗಿನ ನಂಬರ್ ತಗಡೊಂದನ್ನೇ ನಂಬಬೇಡಿ, ಅದು ಬೇರೆ ಕಾರಿನದಿರಬಹುದು. ಚಾಸಿಯ ಎಡಗಡೆ ಮುಂದಿನ ತುದಿಯಲ್ಲಿ, ಬಂಪರ್ ಹತ್ತಿರ, ಕೊರೆದ ನಂಬರ್ ಹುಡುಕಿ. ಸೀಮೆಎಣ್ಣೆ ಬಟ್ಟೆ ಅರ್ಧ ಗಂಟೆ ಸುತ್ತಿಟ್ಟು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಉಪ್ಪುಕಾಗದ, ಗ್ರೈಂಡರ್ ಖಂಡಿತ ಬೇಡ: ಅಚ್ಚು ಆಳವಿರುವುದಿಲ್ಲ, ಸವೆದರೆ ಆರ್‌ಟಿಓದವರ ಕಣ್ಣಿಗೆ ತಿದ್ದಿದ ನಂಬರಾಗಿ ಕಾಣುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ 3 ಯಾವುದು, 8 ಯಾವುದು ಎಂದು ಗೊತ್ತಾಗುತ್ತದೆ. ತೆಳು ಹಾಳೆಯಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆದು, ಫೋಟೋನೂ ಹಿಡಿಯಿರಿ.

ಟಿಡಿಗಳ ಚಾಸಿ ನಂಬರ್ 0251ರಿಂದ ಶುರು. ಕಾರ್ಖಾನೆಯ ಟೆಲಿಫೋನ್ ನಂಬರ್ 251, ಅದನ್ನೇ ಇಟ್ಟರು! ನಿಮ್ಮದರಲ್ಲಿ 250 ಕಳೆದರೆ ಎಷ್ಟನೆಯ ಕಾರು ಎಂಬ ಅಂದಾಜು ಸಿಗುತ್ತದೆ. 1949ರಿಂದ 1953ರವರೆಗೆ ತಯಾರಾದವು 29,664.

ಎಂಜಿನ್ ನಂಬರ್ ಎಂಟು ಮೂಲೆಯ ಹಿತ್ತಾಳೆ ಬಿಲ್ಲೆಯ ಮೇಲಿರುತ್ತದೆ, 'ಎಕ್ಸ್‌ಪಿಎಜಿ' ಎಂದು ಶುರುವಾಗುತ್ತದೆ. ಮುಂದೆ 'ಟಿಡಿ2' ಎಂದಿದ್ದರೆ 1951ರ ಮಧ್ಯದ ನಂತರದ, 8 ಇಂಚಿನ ಕ್ಲಚ್ಚಿನ ಎಂಜಿನ್. ಅದಕ್ಕೂ ಮುಂಚಿನ ಚಾಸಿಯಲ್ಲಿ ಇದು ಕೂತಿದ್ದರೆ ಎಂಜಿನ್ ಬದಲಾಗಿದೆ.

ಇಷ್ಟಾದ ಮೇಲೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಹೆರಿಟೇಜ್ ಸರ್ಟಿಫಿಕೇಟ್ ಕೇಳಿ ಅರ್ಜಿ ಹಾಕಿ, ಶುಲ್ಕವಿದೆ. ದಾಖಲೆಯಲ್ಲಿ ಉಳಿದಿರುವಷ್ಟು, ಅಂದರೆ ತಯಾರಾದ ದಿನ, ಕಾರ್ಖಾನೆ ಬಿಟ್ಟ ದಿನ, ಮೂಲ ಎಂಜಿನ್ ನಂಬರ್, ಬಣ್ಣ, ಎಲ್ಲಿಗೆ ಕಳಿಸಿದ್ದು, ಅದರಲ್ಲಿ ಬರುತ್ತದೆ. ಕಾರ್ಖಾನೆ ಬಿಟ್ಟ ದಿನವೆಂದರೆ ಭಾರತಕ್ಕೆ ಬಂದಿಳಿದ ದಿನವಲ್ಲ. ಹಡಗಿನ ಪ್ರಯಾಣ, ಷೋರೂಮಿನಲ್ಲಿ ಕಾದ ತಿಂಗಳುಗಳು ಬೇರೆ.

ಇಲ್ಲಿನ ಕಥೆಗೆ ನೋಂದಣಿಯಾದ ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್ (ಅವರ ನೋಂದಣಿ ದಾಖಲೆಯ ನಕಲು) ಕೇಳಿ. ಗುಮಾಸ್ತರು ಎಂಜಿನ್ ನಂಬರನ್ನು ಚಾಸಿ ಕಾಲಮ್ಮಿನಲ್ಲಿ ಬರೆದಿರುವುದುಂಟು, ಪೆನ್ಸಿಲ್ ಪ್ರಿಂಟಿನೊಂದಿಗೆ ಹೋಲಿಸಿ. 50 ವರ್ಷ ದಾಟಿದ ಕಾರುಗಳ 'ವಿಎ' ವಿಂಟೇಜ್ ನೋಂದಣಿಗೆ ಹೋಗುವುದಾದರೆ ಈ ತಪ್ಪನ್ನು ಮೊದಲೇ ತಿದ್ದಿಸಿಕೊಳ್ಳಿ.