‘ಸಾವನ್ನಪ್ಪಿದರು’ ಅಂತ ಬರೆಯಬಹುದೇ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ತುರ್ತು ಪರಿಸ್ಥಿತಿಯ ಬಗ್ಗೆ ಮಕ್ಕಳು ಒಂದು ಪ್ರದರ್ಶನ ಮಾಡುತ್ತಿದ್ದಾರೆ. ನಟಿ ಸ್ನೇಹಲತಾ ರೆಡ್ಡಿಯವರ ಫಲಕಕ್ಕೆ ಬಂದು ಕೆಲಸ ನಿಂತಿದೆ. ಒಬ್ಬ ವಿದ್ಯಾರ್ಥಿನಿ ‘ಜೈಲಿನಲ್ಲಿ ಹುತಾತ್ಮರಾದರು’ ಅಂತ ಬರೆದಳು. ಇನ್ನೊಬ್ಬ ಅದನ್ನು ಹೊಡೆದು ‘ಅನಾರೋಗ್ಯದಿಂದ ನಿಧನರಾದರು’ ಅಂತ ಮಾಡಿದ. ಯಾವ ಕಡೆಗೂ ವಾಲದ ಪದ ಯಾವುದು, ಹೇಳುತ್ತೀರಾ?
– ಉಪನ್ಯಾಸಕರೊಬ್ಬರು, ಹಾಸನ

ಉತ್ತರ: ಮೇಷ್ಟ್ರೇ, ನಿಮ್ಮ ಮಕ್ಕಳು ಜಗಳ ಆಡುತ್ತಿರುವುದು ಕೇಳಿ ಸಂತೋಷವಾಯಿತು. ಪತ್ರಿಕೆಯ ಡೆಸ್ಕಿನಲ್ಲಿ ನಾವು ಇಷ್ಟು ಹೊತ್ತು ಜಗಳ ಆಡುತ್ತಿರಲಿಲ್ಲ. ಆಡಬೇಕಿತ್ತು.

ನಾನು ಹೊಸದಾಗಿ ಉಪಸಂಪಾದಕಿಯಾಗಿದ್ದಾಗಿನ ಮಾತು. ಜಿಲ್ಲಾ ಪುಟಕ್ಕೆ ರಾತ್ರಿ ಒಂದು ಪೊಲೀಸ್ ಪ್ರಕಟಣೆ ಬಂತು. ವಿಚಾರಣೆಗೆ ಠಾಣೆಗೆ ಕರೆತಂದಿದ್ದ ವ್ಯಕ್ತಿಗೆ ಎದೆನೋವು ಬಂದು ಸಾವನ್ನಪ್ಪಿದ್ದಾನೆ ಅಂತ ಅದರಲ್ಲಿತ್ತು. ನಾನು ಹಾಗೇ ಇಳಿಸಿದೆ. ಕೊನೆಗೆ ‘ಎಂದು ಪೊಲೀಸರು ತಿಳಿಸಿದ್ದಾರೆ’ ಅಂತ ಬರೆದಿದ್ದೆ. ಪುಟದಲ್ಲಿ ಜಾಗ ಸಾಲಲಿಲ್ಲ, ಆ ಸಾಲನ್ನೇ ತೆಗೆದೆ.

ಎರಡು ದಿನ ಬಿಟ್ಟು ಸತ್ತವನ ತಂಗಿ ಆ ಸುದ್ದಿಯ ತುಂಡು ಹಿಡಿದುಕೊಂಡು ಆಫೀಸಿಗೆ ಬಂದಳು. ಜೋರು ಮಾಡಲಿಲ್ಲ, ಅಳಲೂ ಇಲ್ಲ. “ಅಪ್ಕೊಳ್ಳೋದು ಅಂದ್ರೆ ತಬ್ಕೊಳ್ಳೋದಲ್ವಾ ಅಕ್ಕಾ? ನಮ್ಮಣ್ಣ ಸಾವನ್ನ ತಬ್ಕೊಳ್ಳೋಕೆ ಹೋಗಿರ್ಲಿಲ್ಲ. ಸಂತೆಗೆ ಹೋಗಿದ್ದ” ಅಂದಳು. ಆಮೇಲೆ, “ಎದೆನೋವು ಅಂತ ನಿಮಗ್ಯಾರು ಹೇಳಿದ್ರು?” ಅಂತ ಕೇಳಿದಳು. ಅದಕ್ಕೆ ಉತ್ತರವಿದ್ದ ಸಾಲನ್ನು ನಾನೇ ಹೊಡೆದುಹಾಕಿದ್ದೆ.

ಅವತ್ತಿನಿಂದ ಬಂಧನದಲ್ಲಿದ್ದವರ ಬಗ್ಗೆ ‘ಸಾವನ್ನಪ್ಪಿದ’ ಅಂತ ಒಂದು ಸಲವೂ ಬರೆದಿಲ್ಲ. ‘ಅಪ್ಪು’ ಅನ್ನುವ ಕ್ರಿಯೆಯಲ್ಲಿ ಇಷ್ಟಪಟ್ಟು ಹತ್ತಿರ ಹೋಗುವ ಭಾವ ಇದೆ. ನಾವು ದಿನಾ ಓದಿ ಓದಿ ಅದನ್ನು ಮರೆತಿದ್ದೇವೆ, ಅಷ್ಟೆ. ನಿಮ್ಮ ವಿದ್ಯಾರ್ಥಿನಿಯ ‘ಹುತಾತ್ಮ’ ಪದಕ್ಕೂ ಇದೇ ತೊಡಕು. ತನ್ನನ್ನೇ ಆಹುತಿ ಕೊಟ್ಟವರು ಅಂತ ಅದರ ಅರ್ಥ. 1929ರಲ್ಲಿ ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸ ಮಾಡಿ ತೀರಿಕೊಂಡ ಸ್ವಾತಂತ್ರ್ಯ ಹೋರಾಟಗಾರ ಜತಿನ್ ದಾಸ್ ಅವರಿಗೆ ಅದು ಹೊಂದುತ್ತದೆ. ಸ್ನೇಹಲತಾ ಸಾಯುವ ಹಟ ಹಿಡಿದು ಕೂತವರಲ್ಲ. ಅವರಿಗೆ ಉಸಿರಾಡಬೇಕಿತ್ತು, ಮನೆಗೆ ಹೋಗಬೇಕಿತ್ತು.

ಹಾಗಂತ ಹುಡುಗನ ಸಾಲು ಸರಿ ಅಂದುಕೊಳ್ಳಬೇಡಿ. ನನಗೆ ಜಾಸ್ತಿ ಚಿಂತೆ ಇರುವುದು ಅದರ ಬಗ್ಗೆಯೇ. ನೋಡಲು ಮೆತ್ತಗಿದೆ, ಯಾರಿಗೂ ನೋವಾಗುವುದಿಲ್ಲ. ಆದರೆ ಅವರು ಜೈಲಿನಲ್ಲಿ ಕಳೆದ ಎಂಟು ತಿಂಗಳನ್ನೇ ನುಂಗಿಬಿಡುತ್ತದೆ. ಅದನ್ನು ಓದಿದ ಮಗು, ಅವರು ತಮ್ಮ ಮನೆಯ ಮಂಚದ ಮೇಲೆ ಕಾಯಿಲೆ ಮಲಗಿ ಹೋದರು ಅಂದುಕೊಳ್ಳುತ್ತದೆ.

ನಡೆದದ್ದನ್ನು ಸುಮ್ನೆ ಸಾಲಾಗಿ ಇಟ್ಟು ನೋಡಿ. ಸ್ನೇಹಲತಾ ಅವರನ್ನು ಬಂಧಿಸಿದ್ದು 1976ರ ಮೇ 2ರಂದು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಸ್ಫೋಟದ ಸಂಚು ಮಾಡಿದರು ಅಂತ ಜಾರ್ಜ್ ಫರ್ನಾಂಡಿಸ್ ಮತ್ತಿತರರ ಮೇಲೆ ಹಾಕಿದ್ದ ಬರೋಡಾ ಡೈನಮೈಟ್ ಪ್ರಕರಣದ ನಂಟು ಹೇಳಿ ಹಿಡಿದರು, ಆಮೇಲೆ ಮೀಸಾ, ಅಂದರೆ ಆಂತರಿಕ ಭದ್ರತಾ ಕಾಯ್ದೆಯಡಿ ಇಟ್ಟುಕೊಂಡರು. ಆ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಇದ್ದದ್ದು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ, ಅಂದರೆ ಈಗಿನ ಫ್ರೀಡಂ ಪಾರ್ಕ್. ಅವರಿಗೆ ಮೊದಲಿನಿಂದಲೂ ಅಸ್ತಮಾ ಇತ್ತು, ಒಳಗೆ ಅದು ವಿಪರೀತವಾಯಿತು. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆಯವರು ರಾತ್ರಿ ಹೊತ್ತು ಅವರ ಚೀರಾಟ ಕೇಳಿಸುತ್ತಿತ್ತು ಅಂತ ಬರೆದಿದ್ದಾರೆ. ಆರೋಗ್ಯ ಪೂರ್ತಿ ಕೆಟ್ಟ ಮೇಲೆ, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು.

ಐದೇ ದಿನ. ಆದ್ದರಿಂದ ‘ಜೈಲಿನಲ್ಲಿ ಸತ್ತರು’ ಅಂತ ಬರೆದರೆ ತಪ್ಪು. ‘ಬಿಡುಗಡೆಯಾದ ಮೇಲೆ ಸತ್ತರು’ ಅಂತ ಬರೆದರೂ ಸರಿಯಾಗುವುದಿಲ್ಲ, ಯಾಕೆಂದರೆ ಪೆರೋಲ್ ಅಂದರೆ ಷರತ್ತಿನ ಮೇಲೆ ತಾತ್ಕಾಲಿಕವಾಗಿ ಹೊರಗೆ ಬಿಡುವುದು, ಬಿಡುಗಡೆ ಅಲ್ಲ. ಇಲ್ಲಿ ವಾಲದೇ ಇರುವುದು ತಾರೀಕುಗಳು ಮಾತ್ರ. ಬಂಧಿಸಿದ ದಿನ, ಹೊರಗೆ ಬಿಟ್ಟ ದಿನ, ತೀರಿಕೊಂಡ ದಿನ, ಮೂರನ್ನೂ ಹಾಕಿ. ವಿಶೇಷಣ ಹುಡುಕುತ್ತಾ ಕೂರುವ ಕಷ್ಟ ತಪ್ಪುತ್ತದೆ.

ಸ್ಥಳದ ಹೆಸರೂ ಹೀಗೆ ದಾರಿ ತಪ್ಪಿಸಬಲ್ಲದು. ಆದಿವಾಸಿಗಳ ಹಕ್ಕಿಗಾಗಿ ದುಡಿದ, ಭೀಮಾ ಕೋರೇಗಾಂವ್ ಪ್ರಕರಣದಲ್ಲಿ ಬಂಧನದಲ್ಲಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ ಗೊತ್ತಲ್ವಾ? ಬೆಂಗಳೂರಿನಲ್ಲೂ ಬಹಳ ವರ್ಷ ಕೆಲಸ ಮಾಡಿದವರು. 2021ರ ಜುಲೈ 5ರಂದು ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 84. ‘ಆಸ್ಪತ್ರೆಯಲ್ಲಿ ನಿಧನ’ ಅಂದರೆ ಸುಳ್ಳಲ್ಲ. ಆದರೆ ಅವರು ಆಗಲೂ ವಿಚಾರಣಾಧೀನ ಕೈದಿ, ಜಾಮೀನು ಅರ್ಜಿ ಹೈಕೋರ್ಟಿನ ಮುಂದಿತ್ತು. ‘ನ್ಯಾಯಾಂಗ ಬಂಧನದಲ್ಲಿದ್ದಾಗ ಆಸ್ಪತ್ರೆಯಲ್ಲಿ’ ಅಂತ ಎರಡು ಪದ ಜಾಸ್ತಿ ಹಾಕಿದರೆ ವಿಷಯ ಪೂರ್ತಿಯಾಗುತ್ತದೆ. ಸ್ನೇಹಲತಾ ಅವರನ್ನು ‘ವಿಚಾರಣಾಧೀನ ಕೈದಿ’ ಅನ್ನುವ ಹಾಗೂ ಇಲ್ಲ. ಮೀಸಾದಲ್ಲಿ ವಿಚಾರಣೆಯೇ ಇರಲಿಲ್ಲವಲ್ಲ. ‘ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು’ ಅಂತ ಬಿಡಿಸಿಯೇ ಬರೆಯಬೇಕು.

ಇನ್ನು ಕಾರಣದ ಮಾತು. ‘ಕೊಂದರು’ ಅಂತ ಫಲಕದಲ್ಲಿ ನೀವು ಬರೆಯಬೇಡಿ. ‘ಸಹಜ ಸಾವು’ ಅಂತಲೂ ಬರೆಯಬೇಡಿ. ಪೊಲೀಸ್ ವಶದಲ್ಲಿ ಯಾರಾದರೂ ಸತ್ತರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು ಅಂತ ಕಾನೂನೇ ಹೇಳುತ್ತದೆ. ಅಂಥ ಸಾವನ್ನು 24 ಗಂಟೆಯೊಳಗೆ ತನಗೆ ತಿಳಿಸಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಸೂಚನೆ ಕೊಟ್ಟಿದೆ. ಕಾನೂನೇ ಕೇಳಿ ತಿಳಿಯಬೇಕು ಅಂದಿರುವಾಗ, ನಾವು ಮೊದಲೇ ‘ಸಹಜ’ ಅಂತ ಮುದ್ರೆ ಒತ್ತುವುದು ಹೇಗೆ? ಕಾರಣ ಹೇಳಲೇಬೇಕಾದರೆ ಯಾರು ಹೇಳಿದ್ದು ಅಂತ ಜೊತೆಗೇ ಬರೆಯಿರಿ. ಪೊಲೀಸರೋ, ವೈದ್ಯರೋ, ಮನೆಯವರೋ, ಪಕ್ಕದ ಬ್ಯಾರಕ್ಕಿನವರೋ. ಜಾಗ ಇಲ್ಲ ಅಂತ ಆ ಸಾಲನ್ನು ತೆಗೆಯಬೇಡಿ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ಮಂತ್ರಿಗಳು ‘ನಿಧನ’ರಾಗುತ್ತಾರೆ, ಕೈದಿಗೆ ‘ಸಾವು’. ಒಬ್ಬರು ‘ತೀರಿಕೊಂಡರು’, ಇನ್ನೊಬ್ಬ ‘ಮೃತಪಟ್ಟ’. ಬಂಧಿಸಿದ ಕೂಡಲೇ ಮನುಷ್ಯ ಏಕವಚನಕ್ಕೆ ಇಳಿಯುತ್ತಾನೆ, ಅಪರಾಧ ಸಾಬೀತಾಗಿರುವುದೇ ಇಲ್ಲ. ಇದು ನನ್ನನ್ನು ತುಂಬಾ ಕಾಡುತ್ತದೆ. ನಿಮ್ಮ ಪ್ರದರ್ಶನದಲ್ಲಿ ಹೆಸರು ಗೊತ್ತಿರುವವರು, ಹೆಸರಿಲ್ಲದವರು, ಎಲ್ಲರಿಗೂ ಒಂದೇ ಕ್ರಿಯಾಪದ ಇರಲಿ. ನಾನಾದರೆ ‘ತೀರಿಕೊಂಡರು’ ಅಂತ ಹಾಕುತ್ತೇನೆ. ಮನೆಯಲ್ಲಿ ಆಡುವ ಮಾತು, ಮರ್ಯಾದೆಯೂ ಇದೆ, ಯಾರ ಮೇಲೂ ತೀರ್ಪು ಕೊಡುವುದಿಲ್ಲ.

ಹಾಗಾಗಿ ಫಲಕ ಹೀಗಿರಬಹುದು: ‘ಸ್ನೇಹಲತಾ ರೆಡ್ಡಿ, ನಟಿ. “ಸಂಸ್ಕಾರ” ಚಿತ್ರದ ಚಂದ್ರಿ. 1976ರ ಮೇ 2ರಂದು ಬಂಧನ. ವಿಚಾರಣೆಯಿಲ್ಲದೆ ಎಂಟು ತಿಂಗಳು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದರು. ಅಲ್ಲಿ ಅಸ್ತಮಾ ತೀವ್ರವಾಯಿತು. 1977ರ ಜನವರಿ 15ರಂದು ಪೆರೋಲ್. ಜನವರಿ 20ರಂದು ತೀರಿಕೊಂಡರು.’

‘ಹುತಾತ್ಮ’ ಅಂತ ಬರೆದ ಹುಡುಗಿಯ ಮನಸ್ಸು ಮುರಿಯಬೇಡಿ. ಸ್ನೇಹಲತಾ ಜೈಲಿನಲ್ಲಿ ಬರೆದ ದಿನಚರಿ ಆಮೇಲೆ ಪುಸ್ತಕವಾಗಿದೆ. ಅದನ್ನು ಅವಳಿಗೆ ಓದಲು ಕೊಡಿ. ಓದಿದ ಮೇಲೂ ಅದೇ ಪದ ಬೇಕು ಅನ್ನಿಸಿದರೆ ಫಲಕದ ಪಕ್ಕದಲ್ಲಿ ತನ್ನ ಹೆಸರು ಹಾಕಿ ಬರೆಯಲಿ. ‘ಪೆರೋಲ್’ ಅಂದರೆ ಏನು ಅಂತ ಕೆಳಗೆ ಒಂದು ಸಾಲು ಇರಲಿ, ಚಿಕ್ಕ ತರಗತಿಯ ಮಕ್ಕಳೂ ನೋಡಲು ಬರುತ್ತಾರಲ್ಲ.